ಟೈಲರಕ್ಕನ ವಸಡು, ತಮ್ಮನ ಪೇಸ್ಟು

ಟೈಲರಕ್ಕನ ಅಂಗಡಿಯಲ್ಲಿ ಕತ್ತರಿಗಳಿಗೇನೂ ಬರ ಇರಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡದು, ಕಾಜಾ ಬಿಡಿಸುವ ಚಿಕ್ಕದು, ತುದಿ ಮುರಿದಿದ್ದರೂ ಎಸೆಯಲು ಮನಸ್ಸು ಬಾರದ್ದು ಇನ್ನೊಂದು, ಎಲ್ಲವೂ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿರುತ್ತಿದ್ದವು. ಆದರೆ ಹೊಲಿಗೆ ಮುಗಿದು ದಾರ ತುಂಡರಿಸುವ ಹೊತ್ತಿಗೆ ಅವಳ ಕೈ ಅವುಗಳ ಕಡೆ ಹೋಗುತ್ತಲೇ ಇರಲಿಲ್ಲ. ತಲೆ ಬಗ್ಗಿಸುವಳು, ದಾರವನ್ನು ಎಡಗಡೆಯ ಹಲ್ಲುಗಳ ನಡುವೆ ಸಿಕ್ಕಿಸುವಳು, ಟಕ್ಕನೆ ಕಡಿಯುವಳು. ಕೈಗಿಂತ ಬಾಯಿ ಹತ್ತಿರ ಎಂಬುದು ಅವಳ ವಾದ. ಹೊಲಿಗೆ ಕಲಿತ ದಿನದಿಂದ ನಡೆದು ಬಂದ ಅಭ್ಯಾಸ ಅದು. ತೆಳು ದಾರವಿರಲಿ, ಪರದೆ ಹೊಲಿಯುವ ದಪ್ಪ ದಾರವಿರಲಿ, ಹಲ್ಲಿಗೆ ಎಲ್ಲವೂ ಒಂದೇ.

ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಯಾರಾದರೂ ಮೇಲೆ ಹತ್ತಿದರೆ ತಲೆಯ ಮೇಲೆ ದಡದಡ ಸದ್ದಾಗುತ್ತಿತ್ತು. ಆ ಸದ್ದಿನಿಂದಲೇ ಹತ್ತುತ್ತಿರುವವರು ಯಾರು, ಯಾವ ಮೂಡಿನಲ್ಲಿದ್ದಾರೆ ಎಂದು ಟೈಲರಕ್ಕ ಹೇಳಬಲ್ಲಳು. ಒಂದು ಹೊಲಿಗೆ ಮಿಷಿನ್, ಒಂದು ಇಸ್ತ್ರಿ ಮೇಜು, ಗೋಡೆಗೆ ಒರಗಿಸಿದ ಉದ್ದ ಕನ್ನಡಿ, ದಾರದ ಉಂಡೆಗಳ ಕಪಾಟು. ಇಷ್ಟು ತುಂಬಿದ ಮೇಲೆ ಗಿರಾಕಿಗೆ ಉಳಿಯುತ್ತಿದ್ದುದು ನಿಲ್ಲುವಷ್ಟು ಜಾಗ. ದಪ್ಪಗಿರುವವರು ಅಳತೆ ಕೊಡಲು ಬೀದಿಗೇ ಇಳಿಯಬೇಕಿತ್ತು.

ಎದುರಿನ ಔಷಧದಂಗಡಿಯ ಮಹಡಿಯಲ್ಲಿ ಹೊಸದಾಗಿ ಹಲ್ಲಿನ ಆಸ್ಪತ್ರೆ ತೆರೆದ ಡಾಕ್ಟರಮ್ಮ ಬಿಳಿ ಕೋಟುಗಳನ್ನು ಹೊಲಿಸಿಕೊಂಡಿದ್ದು ಟೈಲರಕ್ಕನ ಹತ್ತಿರವೇ. ಚಿಕ್ಕ ವಯಸ್ಸಿನ, ಮಾತಿನಲ್ಲಿ ಚುರುಕಾದ ಹುಡುಗಿ. ಕೋಟು ತೆಗೆದುಕೊಂಡು ಹೋದ ಮಾರನೆಯ ದಿನವೇ ಅದರಲ್ಲೊಂದನ್ನು ಕೈಯಲ್ಲಿ ಹಿಡಿದು ವಾಪಸು ಬಂದಳು.

"ಅಕ್ಕ, ಇಲ್ನೋಡಿ. ಕಾಲರ್ ಹತ್ರ ಒಂದು ಕಲೆ."

"ಮಿಷಿನ್ ಎಣ್ಣೆ ಇರ್ಬೇಕು ಡಾಕ್ಟ್ರೇ. ಸೋಪು ಹಾಕಿದ್ರೆ ಹೋಗುತ್ತೆ."

"ಎಣ್ಣೆ ಕೆಂಪಗಿರುತ್ತಾ?"

ಟೈಲರಕ್ಕ ಕನ್ನಡಕ ಏರಿಸಿ ನೋಡಿದಳು. ಸಾಸಿವೆಯಷ್ಟು ಚಿಕ್ಕದಾದರೂ ಕೆಂಪಗೇ ಇತ್ತು. "ಹಾಗಾದ್ರೆ ಸೂಜಿ ಚುಚ್ಚಿರ್ಬೇಕು."

"ಎಲ್ಲಿ, ಬೆರಳು ತೋರಿಸಿ."

ಶಾಲೆಯಲ್ಲಿ ಉಗುರು ತೋರಿಸುವ ಮಗುವಿನಂತೆ ಟೈಲರಕ್ಕ ಎರಡೂ ಕೈ ಚಾಚಿದಳು. ಒಂದು ಗಾಯವೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಮುಜುಗರ ಮುಚ್ಚಿಕೊಳ್ಳಲು ಮಿಷಿನ್ನಿನ ಮೇಲಿದ್ದ ಅಂಗಿಯನ್ನು ಎತ್ತಿಕೊಂಡಳು, ಜೋತಾಡುತ್ತಿದ್ದ ದಾರವನ್ನು ಎಂದಿನಂತೆ ಟಕ್ಕನೆ ಕಡಿದಳು. ದಾರದ ತುದಿ ಕೆಂಪಾಗಿ ಹೊರಬಂತು. ಇಬ್ಬರೂ ಅದನ್ನೇ ನೋಡಿದರು.

"ಬಾಯಿ ತೆಗೀರಿ," ಎಂದಳು ಡಾಕ್ಟರಮ್ಮ.

"ಇಲ್ಲೇನಾ?"

"ಇಲ್ಲೇ. ನಿಮ್ಮ ಮಿಷಿನ್ ದೀಪ ನನ್ನ ದೀಪಕ್ಕಿಂತ ಚೆನ್ನಾಗಿದೆ."

ಹೊಲಿಗೆ ಮಿಷಿನ್ನಿನ ದೀಪವನ್ನು ಟೈಲರಕ್ಕನ ಬಾಯಿಗೆ ತಿರುಗಿಸಿ, ಬಗ್ಗಿ, ಡಾಕ್ಟರಮ್ಮ ಒಳಗೆಲ್ಲ ಇಣುಕಿದಳು. ಫ್ರಾಕು ತೆಗೆದುಕೊಳ್ಳಲು ಬಂದ ಗಿರಾಕಿಯೊಬ್ಬಳೂ ಹಿಂದಿನಿಂದ ಇಣುಕಿದಳು. ಟೈಲರಕ್ಕನಿಗೆ ಬಾಯಿ ಮುಚ್ಚುವ ಹಾಗಿಲ್ಲ, ಬಯ್ಯುವ ಹಾಗೂ ಇಲ್ಲ.

"ವಸಡು ಊದಿದೆ ಅಕ್ಕ. ಮುಟ್ಟಿದ್ರೆ ಸಾಕು, ರಕ್ತ ಬರುತ್ತೆ. ಹಲ್ಲಿನ ಬುಡದಲ್ಲಿ ಕಲ್ಲು ಕಟ್ಟಿದೆ. ಅದನ್ನ ತೆಗೀಬೇಕು. ತಡ ಮಾಡ್ಬೇಡಿ, ಮೇಲೆ ಬನ್ನಿ."

"ಬರ್ತೀನಿ, ಬರ್ತೀನಿ," ಎಂದಳು ಟೈಲರಕ್ಕ. ಗಿರಾಕಿಗಳಿಗೆ "ನಾಳೆ ಕೊಡ್ತೀನಿ" ಎನ್ನುವಾಗಿನ ದನಿಯೇ ಅದು. ಡಾಕ್ಟರಮ್ಮನಿಗೆ ಆ ದನಿಯ ಪರಿಚಯ ಇನ್ನೂ ಆಗಿರಲಿಲ್ಲ, ನಂಬಿ ಹೋದಳು.

ಟೈಲರಕ್ಕ ಹೋಗಲಿಲ್ಲ. ಮಹಡಿಯ ಕಿಟಕಿಯಿಂದ ಬೀದಿಗೆ ಹರಿದು ಬರುತ್ತಿದ್ದ ಆ ಗುಂಯ್ ಎನ್ನುವ ಸದ್ದನ್ನು ಅವಳು ದಿನವೂ ಕೇಳುತ್ತಿದ್ದಳು. ಮಿಷಿನ್ನು ಎಂಬುದು ಬಟ್ಟೆಯ ಮೇಲೆ ಓಡಬೇಕಾದ್ದು, ಬಾಯೊಳಗೆ ಓಡಬಾರದು. ಓಡುವಾಗ ಸೂಜಿ ಮುರಿದು ಮುಖಕ್ಕೆ ಹಾರಿದ್ದನ್ನು ಕಂಡವಳು ಅವಳು. ಅಷ್ಟು ಸಾಕಿತ್ತು, ಹೆದರಲು.

ಇಷ್ಟೆಲ್ಲ ಆದದ್ದನ್ನು ಅವಳು ಊಟದ ಹೊತ್ತಿನಲ್ಲಿ ಮನೆಯವರಿಗೆ ನಗುನಗುತ್ತ ಹೇಳಿದಳು. ಮನೆಯಲ್ಲಿ ಆಗ ಇದ್ದವರು ಮೂವರು. ಅಚ್ಚಿನ ಮನೆಯಲ್ಲಿ ಕೆಲಸ ಮಾಡುವ, ಮಾತಿನಲ್ಲಿ ಜಿಪುಣನಾದ ಗಂಡ. ಒಂದು ಹಲ್ಲೂ ಉಳಿಯದ, ಆದರೆ ರುಚಿಯ ವಿಷಯದಲ್ಲಿ ಯಾರಿಗೂ ಬಿಟ್ಟುಕೊಡದ ಅಮ್ಮ. ಮತ್ತೆ, ಹೇಳದೇ ಕೇಳದೇ ಊಟಕ್ಕೆ ಬಂದು ಕೂರುವ ತಮ್ಮ.

ಈ ತಮ್ಮನ ಬಗ್ಗೆ ಎರಡು ಮಾತು ಹೇಳಲೇಬೇಕು. ಶುರು ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮೊದಲು ಮೇಣದಬತ್ತಿ ಮಾಡಿದ. ಅವು ಬಿಸಿಲಿಗೆ ಕಪಾಟಿನಲ್ಲೇ ಸೊಂಟ ಬಗ್ಗಿಸಿಕೊಂಡು ನಿಂತವು. ಆಮೇಲೆ ಬೂಟಿನ ಪಾಲಿಶ್ ಮಾಡಿದ. ಅದರಲ್ಲಿ ಏನು ಬೆರೆಸಿದ್ದನೋ, ಹಚ್ಚಿಕೊಂಡವರ ಬೂಟಿಗೆಲ್ಲ ಇರುವೆ ಹತ್ತಿತು. ಜೇಬಿರುವ ಕೊಡೆ ಮಾಡಿದ. ಕೊಡೆ ಬಿಚ್ಚಿದರೆ ಜೇಬಿನಲ್ಲಿದ್ದುದು ತಲೆಯ ಮೇಲೆ ಸುರಿಯುತ್ತಿತ್ತು. ಪ್ರತಿ ಸಲವೂ ಸೋತು ಬಂದವನು ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಕೈ ಒರೆಸಿಕೊಳ್ಳುವುದರೊಳಗೆ ಹೊಸ ಉಪಾಯ ಹೇಳುತ್ತಿದ್ದ. ಅಕ್ಕನಿಗೆ ಅವನ ಮೇಲೆ ಕೋಪ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಿದ್ದ ಹುಡುಗ. ಸಾಕಿದವಳು ಅವಳೇ.

"ವಸಡು ಅಂದ್ರಾ ಡಾಕ್ಟ್ರು?" ಎಂದು ತಮ್ಮ ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಹೌದು ಕಣೋ. ಕಲ್ಲು ಕಟ್ಟಿದೆಯಂತೆ. ನಾನೇನು ಬಾವಿನಾ, ಕಲ್ಲು ಕಟ್ಟೋಕೆ?"

"ಅಕ್ಕ, ನೀನು ಮೇಲೆ ಹೋಗ್ಬೇಡ. ನನಗೆ ಸ್ವಲ್ಪ ದಿನ ಟೈಮ್ ಕೊಡು."

ಗಂಡ ತಲೆಯೆತ್ತಿ ಭಾವಮೈದನನ್ನು ನೋಡಿದ, ಏನೋ ಹೇಳಹೊರಟ, ಬೇಡವೆಂದು ನೀರು ಕುಡಿದ.

ಮುಂದಿನ ದಿನಗಳಲ್ಲಿ ಅಡುಗೆಮನೆ ತಮ್ಮನ ವಶವಾಯಿತು. ಲವಂಗ ಕುಟ್ಟಿದ. ಪುದೀನ ಒಣಗಿಸಿದ. ದಾಳಿಂಬೆ ಸಿಪ್ಪೆ ಪುಡಿ ಮಾಡಿದ. ಉಪ್ಪು ಬೆರೆಸಿದ. ಸಂತೆಯಲ್ಲಿ ಯಾರೋ ಮಾರಿದ, ಹೆಸರು ಅವನಿಗೂ ಗೊತ್ತಿರದ ಯಾವುದೋ ಗಿಡದ ಬೇರನ್ನು ತೇಯ್ದ. ನೋಡಲು ಮದ್ದಿನಂತೆ ಕಾಣಲಿ ಎಂದು ಒಂದು ಹಿಡಿ ಇದ್ದಿಲ ಪುಡಿ ಸುರಿದ. ಹಿತ್ತಾಳೆ ಪಾತ್ರೆಯ ತಳದಲ್ಲಿ ಕಪ್ಪು ಹಸಿರಿನ ಗಟ್ಟಿ ಲೇಪವೊಂದು ತಯಾರಾಯಿತು. ಮೊದಲು ಪರೀಕ್ಷೆ ಮಾಡಿದವಳು ಅಮ್ಮ. ಬೆರಳಲ್ಲಿ ಇಷ್ಟು ತೆಗೆದು, ಬೋಳು ವಸಡಿಗೆಲ್ಲ ಸವರಿ, ಕಣ್ಣು ಮುಚ್ಚಿ ಚಪ್ಪರಿಸಿದಳು.

"ಹೇಗಿದೆ ಅಮ್ಮ?"

"ಉಪ್ಪು ಒಂದು ಚೂರು ಮುಂದೆ. ಆದ್ರೂ ಚೆನ್ನಾಗಿದೆ. ಇನ್ನೊಂದಿಷ್ಟು ಹಾಕು."

"ನುಂಗೋದಲ್ಲ ಅಮ್ಮ ಅದು, ಉಗಿಯೋದು."

"ಚೆನ್ನಾಗಿರೋದನ್ನ ಯಾಕೆ ಉಗೀಲಿ?"

ಪೇಸ್ಟಿಗೆ ತಮ್ಮ 'ವಸಡುಬಂಧು' ಎಂದು ಹೆಸರಿಟ್ಟ. ಲೇಬಲ್ ಅಚ್ಚು ಹಾಕುವ ಕೆಲಸ ಭಾವನ ಪಾಲಿಗೆ ಬಂತು. ತಮ್ಮ ಬರೆದುಕೊಟ್ಟದ್ದನ್ನು ಭಾವ ನಿಧಾನವಾಗಿ ಓದಿದ. ರಕ್ತ ಬರುವುದು, ಊತ, ನೋವು, ದುರ್ವಾಸನೆ, ಹಲ್ಲು ಅಲ್ಲಾಡುವುದು, ಎಲ್ಲಕ್ಕೂ ಒಂದೇ ಮದ್ದು.

"ಅಲ್ಲಾಡೋ ಹಲ್ಲು ನಿಲ್ಲುತ್ತಾ?" ಎಂದು ಕೇಳಿದ.

"ನಿಲ್ಲುತ್ತೆ ಭಾವ."

"ಯಾರದ್ದು ನಿಂತಿದೆ?"

"ಯಾರದ್ದೂ ಇನ್ನೂ ಅಲ್ಲಾಡಿಲ್ವಲ್ಲ."

ಭಾವ ಪೆನ್ಸಿಲ್ ತೆಗೆದ. 'ದುರ್ವಾಸನೆ'ಯಲ್ಲಿ ತಪ್ಪಿದ್ದ ಒಂದು ಒತ್ತಕ್ಷರ ಸರಿಮಾಡಿ ಅಚ್ಚಿಗೆ ಕಳಿಸಿದ.

ಟೈಲರಕ್ಕ ಅಲ್ಲಿಯವರೆಗೆ ಹಲ್ಲುಜ್ಜುತ್ತಿದ್ದ ರೀತಿಯೇ ಬೇರೆ. ಒಲೆಯ ಮೇಲೆ ಹಾಲಿಟ್ಟು ಬಂದು, ಅದು ಉಕ್ಕುವುದರೊಳಗೆ ನಾಲ್ಕು ಕಡೆ ಬ್ರಷ್ ಆಡಿಸಿ ಓಡುತ್ತಿದ್ದಳು. ಈಗ ತಮ್ಮ ಪಕ್ಕದಲ್ಲೇ ನಿಂತು ಕಟ್ಟುನಿಟ್ಟು ಹೇಳಿದ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಮೆತ್ತಗಿನ ಬ್ರಷ್ಷು. ಅವಸರ ಕೂಡದು. ಒಂದೊಂದು ಹಲ್ಲನ್ನೂ ಮಾತಾಡಿಸುವ ಹಾಗೆ ಉಜ್ಜಬೇಕು. ಕೊನೆಗೆ ಬೆರಳಿನಿಂದ ವಸಡು ತಿಕ್ಕಬೇಕು. ಇಷ್ಟೊಂದು ಆರೈಕೆ ಆ ಬಾಯಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಕೆಲವೇ ವಾರಗಳಲ್ಲಿ ಉಗಿದ ನೀರಿನಲ್ಲಿ ಕೆಂಪು ಕಡಿಮೆಯಾಯಿತು, ಆಮೇಲೆ ಕಾಣಿಸದಾಯಿತು. ಟೈಲರಕ್ಕ ಕನ್ನಡಿಯ ಮುಂದೆ ತುಟಿ ಮಡಚಿ ನೋಡಿಕೊಂಡಳು. ಊತ ಇಳಿದ ಹಾಗಿತ್ತು. ಅವಳ ಸಂತೋಷ ವಸಡಿಗಿಂತ ಹೆಚ್ಚಾಗಿ ತಮ್ಮನಿಗಾಗಿ. ಕೊನೆಗೂ ಹುಡುಗ ಮಾಡಿದ್ದೊಂದು ಕರಗಲಿಲ್ಲ, ಇರುವೆ ಹತ್ತಿಸಿಕೊಳ್ಳಲಿಲ್ಲ, ತಲೆಯ ಮೇಲೆ ಸುರಿಯಲಿಲ್ಲ.

ಇನ್ನು ಕೇಳಬೇಕೆ? ಅಳತೆ ಟೇಪು ಗಿರಾಕಿಯ ಸೊಂಟಕ್ಕೆ ಸುತ್ತಿದ ಕೂಡಲೇ ಅವಳು ವಸಡಿನ ಮಾತು ತೆಗೆಯುತ್ತಿದ್ದಳು. ಟೇಪು ಬಿಚ್ಚುವವರೆಗೆ ಗಿರಾಕಿ ಎಲ್ಲಿಗೂ ಹೋಗುವಂತಿಲ್ಲ. "ಮುಟ್ಟಿದ್ರೆ ರಕ್ತ ಬರ್ತಿತ್ತು ನನಗೆ. ಈಗ ನೋಡಿ," ಎಂದು ಹಲ್ಲು ಕಿರಿದು ತೋರಿಸುತ್ತಿದ್ದಳು. ದಾರದ ಉಂಡೆಗಳ ಕಪಾಟಿನಲ್ಲಿ ಒಂದು ಸಾಲು ತೆರವಾಗಿ ವಸಡುಬಂಧುವಿನ ಡಬ್ಬಿಗಳು ಬಂದು ಕುಳಿತವು. ಶಾಲೆಯ ಟೀಚರು ಒಯ್ದರು. ಪಕ್ಕದ ಗಡಿಯಾರ ರಿಪೇರಿಯವನು ಒಯ್ದ. ಅವನು ತನ್ನ ಷಡ್ಡಕನಿಗೂ ಒಯ್ದ. ತಮ್ಮನ ನಡಿಗೆಯೇ ಬದಲಾಯಿತು. ಒಂದು ದಿನ ಬಂದು ತಲೆ ಕೆರೆಯುತ್ತ, "ಅಕ್ಕ, ನನಗೂ ಒಂದು ಬಿಳಿ ಕೋಟು ಹೊಲಿದುಕೊಡು. ಜನ ನಂಬ್ತಾರೆ," ಎಂದ. ಡಾಕ್ಟರಮ್ಮನ ಕೋಟುಗಳಲ್ಲಿ ಉಳಿದ ಬಟ್ಟೆ ಇತ್ತು. ಅದರಲ್ಲೇ ಹೊಲಿದಳು, ಸಾಲದೆ ಬಂದು ತೋಳು ಮಣಿಕಟ್ಟಿಗಿಂತ ಮೇಲೆಯೇ ನಿಂತಿತು. ತಮ್ಮ ಅದನ್ನೇ ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಎದೆಯುಬ್ಬಿಸಿ ನಡೆದ.

ಮಹಡಿಯ ಕಿಟಕಿಯಿಂದ ಡಾಕ್ಟರಮ್ಮ ಅದನ್ನು ನೋಡಿದಳಂತೆ.  ಕೆಳಗಿಳಿದು ಹೋಗುವಾಗಲೆಲ್ಲ ಅಂಗಡಿಯ ಮುಂದೆ ನಿಂತು, "ಅಕ್ಕ, ಯಾವಾಗ ಬರ್ತೀರಿ?" ಎಂದು ಕೇಳುತ್ತಿದ್ದಳು.

"ನಾಳೆ ಬರ್ತೀನಿ ಡಾಕ್ಟ್ರೇ."

ಹೀಗಿರುವಾಗ ಒಂದು ಮಧ್ಯಾಹ್ನ ದಪ್ಪ ಬಟ್ಟೆಯ ಪ್ಯಾಂಟೊಂದರ ಅಂಚು ಹೊಲಿದು ಮುಗಿಸಿ, ದಾರವನ್ನು ಹಲ್ಲಿಗೆ ಕೊಟ್ಟು ಎಳೆದಳು. ದಾರ ತುಂಡಾಗಲಿಲ್ಲ. ಹಲ್ಲು ಒಂದು ಹೆಜ್ಜೆ ಮುಂದೆ ಹೋಗಿ, ಸುತ್ತಮುತ್ತ ನೋಡಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತ ಹಾಗಾಯಿತು.  ನಾಲಿಗೆಯ ತುದಿಯಿಂದ ಮೆಲ್ಲಗೆ ಒತ್ತಿದಳು. ಹೋಯಿತು. ಬಿಟ್ಟಳು. ಬಂತು.

ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಅವಳು ಬಹಳ ಹೊತ್ತು ಬೀದಿಯನ್ನು ನೋಡಿದಳು. ಆಗಲೇ ಗಡಿಯಾರ ರಿಪೇರಿಯವನು ಹಾದುಹೋಗುತ್ತ, "ಟೈಲರಕ್ಕ, ಹೇಗಿದೆ ವಸಡು?" ಎಂದ.

"ಕಲ್ಲು," ಎಂದಳು ಟೈಲರಕ್ಕ, ತುಟಿ ಹೆಚ್ಚು ತೆರೆಯದೆ.

ಅಂದಿನಿಂದ ಅವಳ ಪಾಡು ದೇವರಿಗೇ ಪ್ರೀತಿ. ದಾರ ಕಡಿಯಲು ಬಲಗಡೆಗೆ ತಿರುಗಿದಳು. ಬಲಗಡೆಯ ಹಲ್ಲುಗಳಿಗೆ ಆ ಕೆಲಸ ಗೊತ್ತಿಲ್ಲ, ದಾರ ಜಾರುತ್ತಿತ್ತು. ನಗು ಬಂದರೆ ಬಟ್ಟೆಯಿಂದ ಬಾಯಿ ಮುಚ್ಚಿಕೊಳ್ಳುವಳು. ಮಾತು ಕಡಿಮೆಯಾಯಿತು. ಟೈಲರಕ್ಕನಿಗೆ ಗಾಂಭೀರ್ಯ ಬಂದಿದೆ ಎಂದು ಟೀಚರು ಹೊಗಳಿದರು. ಊಟಕ್ಕೆ ಕೂತರೆ ಗಟ್ಟಿ ಪದಾರ್ಥವನ್ನೆಲ್ಲ ಗಂಡನ ತಟ್ಟೆಗೆ ದಾಟಿಸುವಳು. "ಇದ್ದಕ್ಕಿದ್ದ ಹಾಗೆ ಏನು ಇಷ್ಟೊಂದು ಪ್ರೀತಿ?" ಎಂದು ಗಂಡ ಅನುಮಾನದಿಂದ ಕೇಳಿದ. ಅಮ್ಮ ಮಾತ್ರ ಮಗಳು ಮೆತ್ತಗಿನದನ್ನು ಹುಡುಕಿ ತಿನ್ನುವುದನ್ನು ಗಮನಿಸಿ, "ನನ್ನ ಪಾಲಿಗೇ ಕೈ ಹಾಕ್ತಿದಾಳೆ ಇವಳು," ಎಂದು ಗೊಣಗಿದಳು.

ಹೇಳಿಬಿಡಬಹುದಿತ್ತು. ಆದರೆ ಯಾರಿಗೆ ಹೇಳುವುದು? ಗಿರಾಕಿಗಳಿಗೆ ಹೇಳಿದರೆ ತಮ್ಮನ ಕಿವಿಗೆ ಬೀಳುತ್ತದೆ. ಅವನ ಮುಖ ಹೇಗಾದೀತು ಎಂದು ನೆನೆದರೆ ಹಲ್ಲಿನ ನೋವಿಗಿಂತ ಅದೇ ದೊಡ್ಡದೆನಿಸುತ್ತಿತ್ತು. ಹೇಳದಿದ್ದರೆ ಇಡೀ ಬೀದಿ ಅವಳ ವಸಡನ್ನು ನಂಬಿ ಕಪ್ಪು ಪೇಸ್ಟು ಹಚ್ಚಿಕೊಳ್ಳುತ್ತಿದೆ. ಟೀಚರಿಗೂ ಒಳಗೊಳಗೇ ಹಲ್ಲು ಅಲ್ಲಾಡುತ್ತಿದ್ದು, ಅವರೂ ಮರ್ಯಾದೆಗೆ ಅಂಜಿ ಸುಮ್ಮನಿದ್ದರೆ? ಆ ಯೋಚನೆ ಬಂದ ಮೇಲೆ ಟೈಲರಕ್ಕನಿಗೆ ಟೀಚರ ಮುಖ ನೋಡುವುದೇ ಕಷ್ಟವಾಯಿತು.

ತಮ್ಮ ಒಂದು ದಿನ, ಡಬ್ಬಿ ತರಲು ನಗರದ ಆಚೆ ತುದಿಗೆ ಹೋಗುತ್ತೇನೆ, ಬರುವುದು ಸಂಜೆಯಾಗುತ್ತದೆ ಎಂದು ಹೇಳಿಹೋದ. ಸರಿ, ಇದೇ ಸಮಯ ಎಂದುಕೊಂಡ ಟೈಲರಕ್ಕ ಅಂಗಡಿಗೆ 'ಊಟಕ್ಕೆ ಹೋಗಿದ್ದೇನೆ' ಎಂಬ ಫಲಕ ತಗುಲಿಸಿದಳು. ಯಾರಾದರೂ ಕೇಳಿದರೆ ನೆಪ ಇರಲಿ ಎಂದು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಔಷಧದಂಗಡಿಯ ಹಿಂಬದಿಯ ಮೆಟ್ಟಿಲು ಹಿಡಿದು, ಕಳ್ಳಿಯಂತೆ ಸದ್ದಿಲ್ಲದೆ ಮಹಡಿ ಹತ್ತಿದಳು.

ಕಾಯುವ ಕೋಣೆಯಲ್ಲಿ ನಾಲ್ಕಾರು ಕುರ್ಚಿಗಳು, ಗೋಡೆಯ ಮೇಲೆ ಆಳೆತ್ತರದ ಹಲ್ಲಿನ ಚಿತ್ರ, ಮೂಲೆಯಲ್ಲಿ ನೀರಿನ ಹೂಜಿ. ಮುದುಕರೊಬ್ಬರು ಕೆನ್ನೆ ಹಿಡಿದುಕೊಂಡು, ಪಕ್ಕದಲ್ಲಿ ಕುಳಿತಿದ್ದ ಬಿಳಿ ಕೋಟಿನವನನ್ನು ದೈನ್ಯದಿಂದ ಕೇಳುತ್ತಿದ್ದರು. "ಡಾಕ್ಟ್ರೇ, ನನ್ನ ಸರದಿ ಯಾವಾಗ?"

"ನಾನು ಡಾಕ್ಟ್ರಲ್ಲ ಸ್ವಾಮಿ," ಎಂದ ಬಿಳಿ ಕೋಟಿನವನು, ಕರವಸ್ತ್ರದೊಳಗಿನಿಂದ.

"ಮತ್ತೆ ಕೋಟು?"

"ಅದು ಸುಮ್ನೆ."

ಮುಖದ ಮುಕ್ಕಾಲು ಭಾಗ ಕರವಸ್ತ್ರ ಮುಚ್ಚಿತ್ತು. ಟೈಲರಕ್ಕ ನೋಡಿದ್ದು ಮುಖವನ್ನಲ್ಲ, ತೋಳನ್ನು. ಮಣಿಕಟ್ಟಿಗಿಂತ ಮೇಲೆ ನಿಂತ ತೋಳು. ಆ ಅಂಚು ಮಡಚಿ ಹೊಲಿದ ಕೈ ಅವಳದೇ.

ಅವನೂ ತಲೆ ಎತ್ತಿದ. ಅಕ್ಕ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ಕಣ್ಣು ಪಿಳುಕಿಸದೆ ನೋಡಿದರು.

"ನೀನು ಡಬ್ಬಿ ತರೋಕೆ ಹೋಗಿದ್ದಲ್ವೇನೋ?" ಎಂದಳು ಟೈಲರಕ್ಕ.

"ನೀನು ಊಟಕ್ಕೆ ಹೋಗಿದ್ದಲ್ವಾ? ಕಿಟಕಿಯಿಂದ ಫಲಕ ಕಾಣ್ತಿದೆ."

"ನಾನು ಡಾಕ್ಟ್ರ ಕೋಟಿನ ಅಳತೆಗೆ ಬಂದೆ," ಎಂದು ಟೇಪು ಎತ್ತಿ ತೋರಿಸಿದಳು.

"ನಾನು ಡಾಕ್ಟ್ರಿಗೆ ಒಂದು ಡಬ್ಬಿ ಸ್ಯಾಂಪಲ್ ಕೊಡೋಕೆ ಬಂದೆ," ಎಂದ ಅವನು. ಜೇಬಿನಲ್ಲಿ ಡಬ್ಬಿ ನಿಜವಾಗಿಯೂ ಇತ್ತು.

"ಕೆನ್ನೆ ಯಾಕೆ ಹಾಗೆ ಊದಿದೆ?"

"ಸೊಳ್ಳೆ."

ಒಳಕೋಣೆಯ ಬಾಗಿಲು ತೆರೆದು ನರ್ಸು ಇಣುಕಿದಳು. "ಹೋದ ವಾರ ರೂಟ್ ಕೆನಾಲ್ ಶುರು ಮಾಡಿದ್ವಲ್ಲ, ಆ ಬಿಳಿ ಕೋಟಿನವರು ಬನ್ನಿ. ಇವತ್ತಾದ್ರೂ ಕುರ್ಚಿಯಿಂದ ಎದ್ದು ಓಡ್ಬೇಡಿ."

 ಟೈಲರಕ್ಕನಿಗೆ ಮೊದಲು ಬಂದದ್ದು ಕೋಪ. "ನನ್ನ ಬಾಯಿಗೆ ಪೇಸ್ಟು, ನಿನ್ನ ಬಾಯಿಗೆ ಡಾಕ್ಟ್ರಾ?" ಎಂದು ಹಲ್ಲು ಕಡಿಯಲು ಹೋಗಿ, ಕಡಿಯುವ ಸ್ಥಿತಿಯಲ್ಲಿ ಇಲ್ಲವೆಂದು ನೆನಪಾಗಿ ಬಿಟ್ಟಳು.

ತಮ್ಮ ಕರವಸ್ತ್ರ ಕೆಳಗಿಳಿಸಿದ. ಕೆನ್ನೆಯೊಳಗೆ ದಾರದ ಉಂಡೆ ಇಟ್ಟುಕೊಂಡವನ ಹಾಗೆ ಕಾಣುತ್ತಿದ್ದ. "ನಾನೂ ಹಚ್ಕೊಂಡೆ ಅಕ್ಕ. ಹೊತ್ತು ಹೊತ್ತಿಗೂ ಹಚ್ಕೊಂಡೆ. ನೋವು ಹೋಗ್ಲೇ ಇಲ್ಲ. ನಿನಗೆ ವಾಸಿ ಆಯ್ತಲ್ಲ, ಪೇಸ್ಟು ಸರಿಯಾಗೇ ಇದೆ, ನನ್ನ ಹಲ್ಲೇ ಸರಿ ಇಲ್ಲ ಅಂದ್ಕೊಂಡೆ."

ಟೈಲರಕ್ಕನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳ ಬಾಯಿ ನಂಬಿ ಅವನು, ಅವನ ಮುಖ ನೋಡಿ ಅವಳು. ಇಷ್ಟು ದಿನ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಕೆನ್ನೆ ಹಿಡಿದುಕೊಂಡು ಓಡಾಡಿದ್ದೇ ಬಂತು. ಹೊಟ್ಟೆಯೊಳಗಿನಿಂದ ನಗು ಎದ್ದಿತು. ಮುಚ್ಚಿಕೊಳ್ಳಲು ಕೈಯಲ್ಲಿ ಬಟ್ಟೆ ಇರಲಿಲ್ಲ. ಬಾಯಿ ತುಂಬ ನಕ್ಕಳು.

ತಮ್ಮ ನಗಲಿಲ್ಲ. ಬಗ್ಗಿ ನೋಡಿದ. "ಅಕ್ಕ, ನಿನ್ನ ಹಲ್ಲು ಅಲ್ಲಾಡ್ತಿದೆ."

"ಗೊತ್ತು ಕಣೋ. ಅದಕ್ಕೇ ಬಂದಿದ್ದು."

ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದಳು. ತಮ್ಮ ಕುರ್ಚಿಯ ಮೇಲೆ, ಅಕ್ಕ ಪಕ್ಕದ ಸ್ಟೂಲಿನ ಮೇಲೆ. ತಮ್ಮ ಓಡದಿರಲಿ ಎಂದು ಅವನ ಕೈ ಹಿಡಿದುಕೊಂಡಿದ್ದಳಾದರೂ, ಅವಳ ಕಣ್ಣೂ ಬಾಗಿಲ ಕಡೆಯೇ ಇತ್ತು. ಗುಂಯ್ ಎಂದು ಸದ್ದು ಶುರುವಾದಾಗ ಅವಳು ಮುಖ ಕೆಳಗೆ ಹಾಕಿದಳು. ಆಗ ಡಾಕ್ಟರಮ್ಮನ ಕಾಲು ಕಾಣಿಸಿತು. ಕಾಲ ಕೆಳಗೆ ಒಂದು ಪೆಡಲ್ ಇತ್ತು. ಒತ್ತಿದರೆ ಮಿಷಿನ್ನು ಓಡುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು.

"ಇದಕ್ಕೂ ಪೆಡಲ್ ಇದೆಯಾ ಡಾಕ್ಟ್ರೇ?"

"ಇದೆ ಅಕ್ಕ. ನಿಮ್ಮದರ ಹಾಗೇ."

ಟೈಲರಕ್ಕ ಆ ಕಾಲನ್ನೇ ನೋಡುತ್ತ ಕುಳಿತಳು. ಎಲ್ಲಿ ಜೋರು ಮಾಡಬೇಕೋ ಅಲ್ಲಿ ಜೋರು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲುಗಡೆ. ಅವಸರದ ಕಾಲಲ್ಲ. ಅಷ್ಟು ಖಾತ್ರಿಯಾದ ಮೇಲೆ, ತನ್ನ ಸರದಿ ಬಂದಾಗ ಅವಳು ಹೆಚ್ಚು ತಕರಾರು ಮಾಡದೆ ಕುರ್ಚಿ ಏರಿದಳು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಕೆಲಸ ಮುಗಿದಾಗ ಡಾಕ್ಟರಮ್ಮ ಒಂದು ಚಿಕ್ಕ ತಟ್ಟೆಯನ್ನು ಮುಂದೆ ಹಿಡಿದಳು. ಹಳದಿ, ಕಂದು ಚೂರುಗಳು. ಹಳೆಯ ಗೋಡೆಯಿಂದ ಉದುರಿದ ಸುಣ್ಣದ ಹಾಗಿದ್ದವು.

"ಇದೇ ಆ ಕಲ್ಲು. ವಸಡಿನ ಕೆಳಗೆ ಅಡಗಿತ್ತು. ಯಾವ ಪೇಸ್ಟೂ ಅಲ್ಲಿಗೆ ಇಳಿಯೋದಿಲ್ಲ, ನನ್ನ ಹತ್ರ ಇರೋದೂ ಇಳಿಯೋದಿಲ್ಲ."

"ಆದ್ರೆ ರಕ್ತ ನಿಂತಿತ್ತಲ್ಲ ಡಾಕ್ಟ್ರೇ?" ಎಂದ ತಮ್ಮ, ಮರಗಟ್ಟಿದ ತುಟಿಯಿಂದ ಮಾತನ್ನು ಹೇಗೋ ಹೊರಡಿಸಿ.

"ನಿಮ್ಮಕ್ಕ ಎರಡು ಹೊತ್ತು, ಮೆತ್ತಗಿನ ಬ್ರಷ್ಷಲ್ಲಿ, ನಿಧಾನವಾಗಿ ಉಜ್ಜಿದ್ರು. ಅದಕ್ಕೇ ಮೇಲಿನ ಊತ ಇಳೀತು. ಗಿಡಮೂಲಿಕೆಗೂ ಒಂದು ಚೂರು ಪಾಲು ಕೊಡೋಣ, ಬೇಜಾರಾಗ್ಬೇಡಿ. ಆದ್ರೆ ಒಳಗಿದ್ದ ಕಾಯಿಲೆ ಒಳಗೇ ಇತ್ತು. ಹೊರಗೆ ಚೆನ್ನಾಗಿ ಕಂಡಿದ್ದಕ್ಕೆ ಇವರು ನನ್ನ ಹತ್ರ ಬರ್ಲೇ ಇಲ್ಲ. ತೊಂದ್ರೆ ಆಗಿದ್ದು ಅಲ್ಲಿ."

ತಮ್ಮ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿದಳು, ಬೆರಳ ನಡುವೆ ಉಜ್ಜಿದಳು.

"ಲವಂಗ ಸರಿ. ಪುದೀನ ಸರಿ. ಇದ್ದಿಲು ಯಾಕೆ?"

"ಬಣ್ಣಕ್ಕೆ."

"ಉಪ್ಪು ಇಷ್ಟು ದಪ್ಪ ಹರಳು ಯಾಕೆ?"

"ಚೆನ್ನಾಗಿ ಉಜ್ಜಲಿ ಅಂತ."

"ಹಲ್ಲಿನ ಮೇಲಿನ ಹೊಳಪೆಲ್ಲ ತೇಯ್ದು ಹೋಗುತ್ತೆ. ಈ ಬೇರು ಯಾವುದು?"

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಕೆಳಗಿನ ಪೆಡಲ್ ನೋಡಿದಳು.

"ಹೆಸರೇ ಗೊತ್ತಿಲ್ಲದ್ದನ್ನ ಜನರ ಬಾಯಿಗೆ ಹಾಕ್ಬಾರ್ದು," ಎಂದಳು ಡಾಕ್ಟರಮ್ಮ. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. ಆಮೇಲೆ ಟೈಲರಕ್ಕನ ಕಡೆ ತಿರುಗಿದಳು. "ಆ ಹಲ್ಲು ಉಳಿಯೋದಿಲ್ಲ ಅಕ್ಕ. ತೆಗೀಲೇಬೇಕು. ಪಕ್ಕದವನ್ನ ಉಳಿಸ್ಕೋಬಹುದು, ನೀವು ದಾರ ಕಡಿಯೋದನ್ನ ಬಿಟ್ರೆ."

ಹಲ್ಲು ಹೋಯಿತು. ಟೈಲರಕ್ಕ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೆಳಗಿಳಿಯುವಾಗ ತಮ್ಮ ಅರ್ಧ ಮೆಟ್ಟಿಲಲ್ಲೇ ಕುಳಿತುಬಿಟ್ಟ. "ಎಲ್ಲಾ ಡಬ್ಬೀನೂ ಚರಂಡಿಗೆ ಸುರೀತೀನಿ. ಈ ಕೈಯಲ್ಲಿ ಇನ್ನೇನೂ ಮಾಡಲ್ಲ," ಎಂದ. ಟೈಲರಕ್ಕನಿಗೆ ಉತ್ತರ ಕೊಡಬೇಕೆಂದಿತ್ತು. ಹತ್ತಿ ಬಿಡಲಿಲ್ಲ. ಅವನ ಕಾಲರ್ ಹಿಡಿದು ಎಬ್ಬಿಸಿ, ಅಂಗಡಿಯ ಕಡೆ ಬೆರಳು ತೋರಿಸಿದಳು.

ಬೀದಿಗೆ ಹೇಳುವುದು ಬಾಕಿ ಇತ್ತು. ಹತ್ತಿ ತೆಗೆದ ಮೇಲೆ ಅವಳು ಆ ಕೆಲಸಕ್ಕೆ ಇಳಿದಳು. ಪೇಸ್ಟು ಹೊಗಳಿದ್ದು ತಾನು, ಹಾಗಾಗಿ ತಾನೇ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿ, ತಮ್ಮನನ್ನೂ ಜೊತೆಗೆ ಕರೆದುಕೊಂಡು ಮನೆಮನೆಗೆ ಹೋದಳು. ಖಾಲಿಯಾದ ಹಲ್ಲಿನ ಜಾಗ ತೋರಿಸಿ, "ಇದು ನಂಬಿದ್ದಕ್ಕೆ ಸಿಕ್ಕಿದ್ದು. ರಕ್ತ ಬಂದ್ರೆ ಡಾಕ್ಟ್ರ ಹತ್ರ ಹೋಗಿ. ಡಬ್ಬಿ ವಾಪಸ್ ಕೊಡಿ," ಎಂದಳು.

ಬೈಗುಳಕ್ಕೆ ಸಿದ್ಧಳಾಗಿ ಹೋದವಳಿಗೆ ಸಿಕ್ಕಿದ್ದೇ ಬೇರೆ. ಗಡಿಯಾರ ರಿಪೇರಿಯವನು ಡಬ್ಬಿಯನ್ನು ಎದೆಗವಚಿಕೊಂಡ. ಅವನು ಅದನ್ನು ಒಂದು ದಿನವೂ ಬಾಯಿಗೆ ಹಾಕಿರಲಿಲ್ಲ, ಹಳೆಯ ಗಡಿಯಾರಗಳ ಹಿಂಬದಿ ತಿಕ್ಕುತ್ತಿದ್ದನಂತೆ, ಕನ್ನಡಿಯ ಹಾಗೆ ಹೊಳೆಯುತ್ತವಂತೆ. ಅವನ ಷಡ್ಡಕನಿಗೆ ಮಾತ್ರ ವಸಡು ನಿಜವಾಗಿಯೂ ಊದಿತ್ತು. ಅವನು ಒಂದಿಷ್ಟು ಕೂಗಾಡಿದ, ಕೂಗಾಡುವ ಹಕ್ಕು ಅವನಿಗಿತ್ತು. ತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ ಅವನನ್ನು ತಾನೇ ಮಹಡಿಗೆ ಕರೆದುಕೊಂಡು ಹೋದ. ಟೀಚರು ಮುಖ ಕೆಂಪಗೆ ಮಾಡಿಕೊಂಡು, ಬೀರುವಿನಿಂದ ಸೀಲು ಒಡೆಯದ ಡಬ್ಬಿ ತಂದುಕೊಟ್ಟರು. "ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ತಗೊಂಡಿದ್ದೆ. ಬಣ್ಣ ನೋಡಿ ಧೈರ್ಯ ಬರ್ಲಿಲ್ಲ," ಎಂದರು. ಡಬ್ಬಿ ಕೊಡಲು ಸುತರಾಂ ಒಪ್ಪದವಳು ಅಮ್ಮ ಒಬ್ಬಳೇ. ತನಗೆ ಹಲ್ಲೇ ಇಲ್ಲದ ಮೇಲೆ ತೇಯುವುದೇನು ಎಂದು ಅವಳ ಪ್ರಶ್ನೆ. ದಿಂಬಿನ ಕೆಳಗಿಂದ ಅದನ್ನು ಎಗರಿಸಲು ಅಳಿಯನೇ ಬರಬೇಕಾಯಿತು.

ತಮ್ಮ ಎರಡು ತಿಂಗಳು ಯಾವ ಉಪಾಯವನ್ನೂ ಹೇಳಲಿಲ್ಲ. ಮನೆಗೆ ಬಂದರೂ ಸುಮ್ಮನೆ ಉಂಡು ಹೋಗುತ್ತಿದ್ದ. ಆ ಮೌನ ಟೈಲರಕ್ಕನಿಂದ ತಡೆಯಲಾಗಲಿಲ್ಲ. ಒಂದು ದಿನ ಬಡಿಸುತ್ತ, "ಪುದೀನದ ವಾಸನೆ ಇಲ್ದೆ ಅಡುಗೆಮನೆ ಬಿಕೋ ಅಂತಿದೆ ಕಣೋ," ಎಂದಳು. ಅವನು ಕೈ ತೊಳೆದುಕೊಂಡು ನೇರ ಡಾಕ್ಟರಮ್ಮನ ಹತ್ತಿರ ಹೋದ. ಕೇಳಿ ಕೇಳಿ ತಿಳಿದುಕೊಂಡ. ಇದ್ದಿಲು, ಉಪ್ಪಿನ ಹರಳು, ಹೆಸರಿಲ್ಲದ ಬೇರು ಎಲ್ಲ ಹೊರಗೆ ಹೋದವು. ಹಲ್ಲಿಗೆ ಒಗ್ಗುವ ನಯವಾದ ಪುಡಿ ಬಂತು, ಪರೀಕ್ಷೆ ಮಾಡಿಸಿ ಪರವಾನಗಿ ಪಡೆಯುವ ಓಡಾಟ ಬಂತು. ಹೊಸ ಲೇಬಲ್ಲಿನಲ್ಲಿ ಮದ್ದು ಎಂಬ ಮಾತಿರಲಿಲ್ಲ. 'ಇದು ದಿನನಿತ್ಯ ಹಲ್ಲುಜ್ಜುವ ಗಿಡಮೂಲಿಕೆ ಪೇಸ್ಟು. ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರನ್ನು ಕಾಣಿರಿ' ಎಂದಿತ್ತು. ಭಾವ ಅದನ್ನು ಓದಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ತಪ್ಪೇ ಇಲ್ವಲ್ಲ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹೊಸ ಪೇಸ್ಟು ಹಳೆಯದರಷ್ಟು ಭರಾಟೆಯಿಂದ ಹೋಗಲಿಲ್ಲ. ಆದರೆ ಒಯ್ದವರು ಮುಗಿದ ಮೇಲೆ ಮತ್ತೆ ಬಂದರು. ತಮ್ಮನ ಬಿಳಿ ಕೋಟಿಗೆ ಟೈಲರಕ್ಕ ಕಂದು ಬಣ್ಣ ಹಾಕಿಕೊಟ್ಟಳು. ಅಂಗಡಿಯವನ ಕೋಟು ಅಂದರೆ ಅಂಗಡಿಯವನ ಕೋಟಿನ ಹಾಗೇ ಕಾಣಬೇಕೆಂದು ಅವಳ ಅಭಿಪ್ರಾಯ.

ಅವಳ ಬಾಯಿಗೆ ದಾರದ ಚಟ ಬಿಡಲು ಬಹಳ ಕಾಲ ಹಿಡಿಯಿತು. ಹೊಲಿಗೆ ಮುಗಿದ ಕೂಡಲೇ ತಲೆ ತಾನಾಗಿ ಬಗ್ಗುತ್ತಿತ್ತು. ಅರ್ಧ ದಾರಿಯಲ್ಲಿ ನೆನಪಾಗಿ ನಿಲ್ಲುತ್ತಿತ್ತು. ನೋಡಿದ ಹೊಸಬರು, ಬಟ್ಟೆಗೆ ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡರೂ ಆಶ್ಚರ್ಯವಿಲ್ಲ. ಬರಬರುತ್ತ ಕೈ ಕತ್ತರಿಯ ಕಡೆ ಹೋಗುವುದನ್ನು ಕಲಿಯಿತು. ಉಳಿದ ಹಲ್ಲುಗಳು ಉಳಿದವು.

ಈಗ ವರ್ಷಕ್ಕೆರಡು ಸಲ ಅಕ್ಕ ತಮ್ಮ ಇಬ್ಬರೂ ಅಂಗಡಿ ಮುಚ್ಚಿ, ಮುಂಬಾಗಿಲ ಮೆಟ್ಟಿಲಿನಿಂದಲೇ ಡಾಕ್ಟರಮ್ಮನ ಹತ್ತಿರ ಹೋಗುತ್ತಾರೆ. ಧೈರ್ಯ ಬಂದಿದೆ ಎಂದು ಇಬ್ಬರೂ ಹೇಳಿಕೊಳ್ಳುತ್ತಾರೆ. ಕಾಯುವ ಕೋಣೆಯಲ್ಲಿ ಕುಳಿತ ಮೇಲೆ ಜಗಳ ಶುರುವಾಗುತ್ತದೆ.

"ನೀನು ದೊಡ್ಡವಳು, ಮೊದಲು ಹೋಗು."

"ಗಂಡಸಲ್ವೇನೋ ನೀನು, ನೀನು ಹೋಗು."

"ಕಳೆದ ಸಲ ನಾನೇ ಮೊದಲು ಹೋಗಿದ್ದೆ."

"ಹೋಗಿದ್ದು ನಿಜ. ಎದ್ದು ಬಂದೂ ಬಿಟ್ಟಿದ್ದೆ."

ಒಳಗಿನಿಂದ ಡಾಕ್ಟರಮ್ಮ, ಯಾರಾದರೂ ಸರಿ, ಒಬ್ಬರು ಬನ್ನಿ ಎಂದು ಕೂಗುತ್ತಾಳೆ. ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಾರೆ, ಒಟ್ಟಿಗೇ ಕುಳಿತುಕೊಳ್ಳುತ್ತಾರೆ.